ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ

ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಾಜಿ ಸೈನಿಕರಿಗೆಂದೇ ಇರುವ ಆಸ್ಪತ್ರೆಯೊಂದಿದೆ. ತೊಂಬತ್ತರ ದಶಕದಲ್ಲಿ ಅಲ್ಲಿನ ಆಪರೇಷನ್ ಥಿಯೇಟರಿನಲ್ಲಿ ಒಂದು ವಿಚಿತ್ರ ಕ್ರಮ ನಡೆಯುತ್ತಿತ್ತು. ಮಂಡಿ ಸವೆದು ಮೆಟ್ಟಿಲು ಹತ್ತಿಳಿಯಲು ಒದ್ದಾಡುತ್ತಿದ್ದ ರೋಗಿಯನ್ನು ಟೇಬಲ್ ಮೇಲೆ ಮಲಗಿಸಿದ ಮೇಲೆ ಸರ್ಜನ್ ಬ್ರೂಸ್ ಮೋಸ್ಲಿ ಅವರ ಕೈಗೆ ಒಂದು ಮುಚ್ಚಿದ ಲಕೋಟೆ ಬರುತ್ತಿತ್ತು. ಅದರೊಳಗಿನ ಚೀಟಿ ನೋಡುವ ತನಕ ಈ ಮಂಡಿಗೆ ಏನು ಮಾಡಬೇಕೆಂದು ಅವರಿಗೂ ಗೊತ್ತಿಲ್ಲ. ಒಂದು ಚೀಟಿಯಲ್ಲಿ ಸವೆದ ಮೃದ್ವಸ್ಥಿಯನ್ನು ಕೆರೆದು ನುಣುಪು ಮಾಡಿ ಎಂದಿರುತ್ತಿತ್ತು. ಇನ್ನೊಂದರಲ್ಲಿ, ಕೀಲಿನೊಳಗೆ ಸಲೈನ್ ಹಾಯಿಸಿ ತೊಳೆಯಿರಿ, ಸಾಕು. ಮೂರನೆಯ ಬಗೆಯ ಚೀಟಿ ಬಂದರೆ ಏನನ್ನೂ ಮಾಡುವ ಹಾಗಿಲ್ಲ. ಆದರೆ ಎಲ್ಲವನ್ನೂ ಮಾಡಿದಂತೆ ತೋರಬೇಕು.

ಮೂರನೆಯದೇ ಕಷ್ಟದ ಕೆಲಸ. ಮಂಡಿಯ ಚರ್ಮದ ಮೇಲೆ ಮೂರು ಸಣ್ಣ ಕೊಯ್ತ. ಕೀಲಿನೊಳಗೆ ಯಾವ ಉಪಕರಣವೂ ಹೋಗುವುದಿಲ್ಲ. ಆದರೂ ಸರ್ಜನ್ ಒಂದೊಂದೇ ಉಪಕರಣದ ಹೆಸರು ಹೇಳಿ ಕೇಳುತ್ತಾರೆ, ಕಾಲನ್ನು ಆ ಕಡೆ ಈ ಕಡೆ ಮಡಚಿ ತಿರುಗಿಸುತ್ತಾರೆ, ತೊಳೆಯುವ ಸದ್ದು ಬರಲೆಂದು ನೀರು ಚಿಮ್ಮಿಸುತ್ತಾರೆ. ಅರೆಮಂಪರಿನಲ್ಲಿರುವ ರೋಗಿಗೆ ಅನುಮಾನ ಬರಬಾರದು. ನಿಜವಾದ ಆಪರೇಷನ್‌ಗೆ ಹಿಡಿಯುವಷ್ಟೇ ಹೊತ್ತು ಕಳೆಯಬೇಕು. ರಾತ್ರಿ ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಎಲ್ಲರಿಗೂ ಮಾಡುವ ಆರೈಕೆಯನ್ನೇ ಮಾಡಿ ಕಳಿಸಬೇಕು.

ಇದು ಮೋಸವಲ್ಲ. ತನಗೆ ಹುಸಿ ಶಸ್ತ್ರಚಿಕಿತ್ಸೆಯೇ ಆಗಬಹುದು, ಅದರಿಂದ ಮಂಡಿಯ ಸವೆತಕ್ಕೆ ಗುಣವೇನೂ ಆಗದು ಎಂಬುದು ಗೊತ್ತಿದೆ ಎಂದು ಪ್ರತಿ ರೋಗಿಯೂ ಸ್ವಂತ ಕೈಬರಹದಲ್ಲಿ ಬರೆದುಕೊಟ್ಟಿದ್ದರು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಜನ ‘ನಮಗೆ ಬೇಡಪ್ಪ’ ಎಂದು ಹಿಂದೆ ಸರಿದರು. ಒಪ್ಪಿದವರು 180.

ಎರಡು ವರ್ಷ ಅವರೆಲ್ಲರ ಬೆನ್ನು ಹತ್ತಿ ನೋವು ಅಳೆದರು, ನಡೆಸಿ ನೋಡಿದರು, ಮೆಟ್ಟಿಲು ಹತ್ತಿಸಿ ನೋಡಿದರು. ಕೆರೆಸಿಕೊಂಡವರು, ತೊಳೆಸಿಕೊಂಡವರು, ಬರೀ ಚರ್ಮ ಕೊಯ್ಸಿಕೊಂಡವರು ಎಲ್ಲ ಒಂದೇ. ಯಾವ ಹಂತದಲ್ಲೂ ನಿಜವಾದ ಆಪರೇಷನ್ ಹುಸಿ ಆಪರೇಷನ್ನನ್ನು ಮೀರಿಸಲಿಲ್ಲ. ಫಲಿತಾಂಶ 2002ರ ಜುಲೈನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಆಗ ಅಮೆರಿಕವೊಂದರಲ್ಲೇ ವರ್ಷಕ್ಕೆ ಆರೂವರೆ ಲಕ್ಷಕ್ಕೂ ಹೆಚ್ಚು ಇಂಥ ಆಪರೇಷನ್‌ಗಳು ನಡೆಯುತ್ತಿದ್ದವು, ಒಂದಕ್ಕೆ ಸುಮಾರು 5,000 ಡಾಲರ್.

ನಿಂತುಹೋಯಿತೇ? ಇಲ್ಲ. ಸವೆತಕ್ಕೆ ಬೇಡದಿದ್ದರೆ ಬೇಡ, ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ವಯಸ್ಸಾಗಿ ಹರಿದಿರುತ್ತದಲ್ಲ, ಅದನ್ನು ಕತ್ತರಿಸಿದರೆ ಗುಣ ಇದ್ದೇ ಇದೆ ಎಂಬ ವಾದ ಉಳಿದುಕೊಂಡಿತು. ಫಿನ್ಲೆಂಡಿನ ವೈದ್ಯರು ಅದನ್ನೂ 146 ಜನರ ಮೇಲೆ ಇದೇ ರೀತಿ ಪರೀಕ್ಷಿಸಿ 2013ರಲ್ಲಿ ವರದಿ ಕೊಟ್ಟರು. ವರ್ಷ ಕಳೆದ ಮೇಲೆ ಕತ್ತರಿಸಿಕೊಂಡವರಿಗೂ ಕತ್ತರಿಸಿಕೊಂಡೆವೆಂದು ನಂಬಿದ್ದವರಿಗೂ ವ್ಯತ್ಯಾಸವಿಲ್ಲ.

ಮೋಸ್ಲಿ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ‘ಗುಣವಾಗಲಿಲ್ಲ’ ಅನ್ನುವುದಲ್ಲ. ಹುಸಿ ಆಪರೇಷನ್ ಆದವರಲ್ಲೂ ಎಷ್ಟೋ ಜನ ನೋವು ಇಳಿಯಿತು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಪಕ್ಕದ ಮನೆಯವರು ಕೇಳಿದ್ದರೆ ‘ಆ ಡಾಕ್ಟರ ಹತ್ತಿರವೇ ಹೋಗಿ, ನನಗೆ ಒಳ್ಳೇದಾಯ್ತು’ ಎಂದು ವಿಳಾಸ ಕೊಡುತ್ತಿದ್ದರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು ನಡೆಯುವುದು ಹೀಗೆ. ಮಂಡಿನೋವು ಒಂದೇ ಮಟ್ಟದಲ್ಲಿರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಮನುಷ್ಯ ‘ಇನ್ನು ತಡೆಯೋಕಾಗಲ್ಲ, ಕೊಯ್ದುಬಿಡಿ’ ಎನ್ನುವುದು ನೋವು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಅದು ಹೇಗೂ ಇಳಿಯಬೇಕು. ಇಳಿಯುವ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಡಿಸ್ಚಾರ್ಜ್ ಶೀಟ್ ಇರುತ್ತದೆ. ಜೊತೆಗೆ ಯಾರೋ ತನಗಾಗಿ ಇಷ್ಟೆಲ್ಲ ಮಾಡಿದರೆಂಬ ಸಮಾಧಾನವೂ ದೇಹದ ಮೇಲೆ ತನ್ನ ಕೆಲಸ ಮಾಡುತ್ತದೆ.

ರೋಗಿಗೆ ಕಂಡದ್ದೇ ವೈದ್ಯರಿಗೂ ಕಾಣುವುದು. ಆಪರೇಷನ್ ಮಾಡಿಸಿಕೊಳ್ಳದೆ ಮನೆಗೆ ಹೋದವರು ಹೇಗಿದ್ದಾರೆಂದು ನೋಡುವ ಅವಕಾಶ ಅವರಿಗೆ ಇಲ್ಲ. ಮೂವತ್ತು ವರ್ಷದ ಅನುಭವ ಅನ್ನುವುದು ಬಹಳ ಸಲ ಒಂದೇ ಕಣ್ಣಿನ ನೋಟವನ್ನು ಮೂವತ್ತು ವರ್ಷ ನೋಡಿದ್ದಷ್ಟೇ.

ಹೃದಯದ ವಿಷಯ

ಮಂಡಿಯ ಮಾತು ಹೇಗೋ ನಡೆಯುತ್ತದೆ, ಹೃದಯದ ಮಾತು ಬಂದರೆ ಜನ ಕೆರಳುತ್ತಾರೆ. ಆದರೆ ಹುಸಿ ಶಸ್ತ್ರಚಿಕಿತ್ಸೆಯ ಕಥೆ ಶುರುವಾದದ್ದೇ ಹೃದಯದಿಂದ. 1950ರ ದಶಕದಲ್ಲಿ ಎದೆನೋವಿಗೆ ಒಂದು ಸುಲಭದ ಆಪರೇಷನ್ ಇತ್ತು. ಎದೆಯ ಒಳಗೋಡೆಯ ಉದ್ದಕ್ಕೆ ಇಳಿಯುವ ಎರಡು ರಕ್ತನಾಳಗಳನ್ನು ಕಟ್ಟಿಬಿಟ್ಟರೆ, ಆ ರಕ್ತ ಹೃದಯದ ಕಡೆ ತಿರುಗುತ್ತದೆಂಬ ಲೆಕ್ಕಾಚಾರ. ನಾಲೆಯ ತೂಬು ಮುಚ್ಚಿದರೆ ನೀರು ಬೇರೆ ಗದ್ದೆಗೆ ಹರಿಯುವ ಹಾಗೆ. ಕೇಳಿದವರಿಗೆಲ್ಲ ಹೌದಲ್ಲ ಅನ್ನಿಸುವಂಥ ತರ್ಕ. ರೋಗಿಗಳೂ ನೋವು ಇಳಿಯಿತೆಂದರು. 1959ರಲ್ಲಿ ಸಿಯಾಟಲ್‌ನ ಲೆನಾರ್ಡ್ ಕಾಬ್ ಮತ್ತು ಸಂಗಡಿಗರು 17 ಮಂದಿಯಲ್ಲಿ ಕೆಲವರಿಗೆ ನಾಳ ಕಟ್ಟಿ, ಉಳಿದವರಿಗೆ ಬರೀ ಚರ್ಮ ಕೊಯ್ದು ಹೊಲಿದರು. ಎರಡೂ ಗುಂಪು ಒಂದೇ ರೀತಿ ‘ಸುಧಾರಿಸಿತು’. ಕೆಲವೇ ವರ್ಷಗಳಲ್ಲಿ ಆ ಆಪರೇಷನ್ ಕಣ್ಮರೆಯಾಯಿತು. ಹದಿನೇಳೇ ಜನ! ಇಂದಿನ ಲೆಕ್ಕದಲ್ಲಿ ಅದು ಪ್ರಯೋಗವೇ ಅಲ್ಲ ಅನ್ನುವಷ್ಟು ಚಿಕ್ಕದು.

ಈಗಿನ ತೂಬು ಬೇರೆ ಥರದ್ದು: ಸ್ಟೆಂಟ್. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡಬೇಕು. ಹೃದಯಾಘಾತ ಆಗುತ್ತಿರುವಾಗ ಮುಚ್ಚಿದ ನಾಳ ತೆರೆದು ಸ್ಟೆಂಟ್ ಹಾಕುವುದು ಜೀವ ಉಳಿಸುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಬೇರೆಯವರದು: ಏರು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಸರಿಹೋಗುತ್ತದೆ, ತಿಂಗಳುಗಳಿಂದ ಹಾಗೇ ಇದೆ, ಆಂಜಿಯೋಗ್ರಾಂನಲ್ಲಿ ‘ಬ್ಲಾಕ್’ ಕಂಡಿದೆ. ಇಂಥವರಿಗೆ ಮಾತ್ರೆಗಳ ಜೊತೆಗೆ ಸ್ಟೆಂಟನ್ನೂ ಹಾಕಿದರೆ ಆಯುಷ್ಯ ಹೆಚ್ಚುತ್ತದೆಯೇ? 2007ರ ‘ಕರೇಜ್’ ಪ್ರಯೋಗ 2,287 ಜನರನ್ನು ನೋಡಿ ಇಲ್ಲ ಎಂದಿತು. ನೋಡಿದ್ದು ಸಾಲದು, ರೋಗಿಗಳ ಆಯ್ಕೆ ಸರಿಯಿಲ್ಲ ಎಂಬ ತಕರಾರು ಬಂತು. ಭಾರತವೂ ಸೇರಿದಂತೆ 37 ದೇಶಗಳ 5,179 ಮಂದಿಯನ್ನು ಸೇರಿಸಿಕೊಂಡ ‘ಇಸ್ಕೀಮಿಯಾ’ ಪ್ರಯೋಗ 2019ರಲ್ಲಿ ಮತ್ತೆ ಅದನ್ನೇ ಹೇಳಿತು.

ಆಯುಷ್ಯ ಹೋಗಲಿ, ಎದೆನೋವಾದರೂ ಕಡಿಮೆಯಾಗುತ್ತದಲ್ಲ? ಲಂಡನ್ನಿನ ರಾಶಾ ಅಲ್-ಲಮೀ ಅವರ ತಂಡ ಕೈಹಾಕಿದ್ದು ಇದಕ್ಕೆ. ಒಂದು ನಾಳ ಬಹುಪಾಲು ಮುಚ್ಚಿದ್ದ 200 ರೋಗಿಗಳು. ಮೊದಲು ಆರು ವಾರ ಮಾತ್ರೆಗಳನ್ನು ಸರಿಯಾದ ಪ್ರಮಾಣಕ್ಕೆ ತಂದರು. ಆಮೇಲೆ ಕ್ಯಾಥ್‌ಲ್ಯಾಬಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿ, ಮಂಪರು ಬರಿಸಿ, ಅರ್ಧ ಜನರಿಗೆ ಸ್ಟೆಂಟ್ ಹಾಕಿದರು, ಇನ್ನರ್ಧ ಜನರಿಗೆ ಹಾಕದೆ ಟೇಬಲ್ ಮೇಲೆ ಹಾಗೇ ಮಲಗಿಸಿಟ್ಟರು. ವಾರ್ಡಿನಲ್ಲಿ ನೋಡಿಕೊಳ್ಳುವವರಿಗೂ ಯಾರು ಯಾವ ಗುಂಪೆಂದು ಹೇಳಲಿಲ್ಲ. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಸ್ಟೆಂಟ್ ಇದ್ದವರು ಗಳಿಸಿದ ಹೆಚ್ಚುವರಿ ಸಮಯ 16.6 ಸೆಕೆಂಡು. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಅಂತರ ಅದು.

ಆ ‘ಆರ್ಬಿಟಾ’ ವರದಿ ಹೊರಬಿದ್ದದ್ದು 2017ರ ನವೆಂಬರಿನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸ್ಟೆಂಟ್ ಬೆಲೆಗೆ ಕಡಿವಾಣ ಹಾಕಿತ್ತು: ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಒಳ್ಳೆಯ ಕೆಲಸವೇ. ಆದರೆ ನಾವು ಚರ್ಚಿಸಿದ್ದೆಲ್ಲ ಎಷ್ಟು ಕೊಡಬೇಕು ಎಂಬುದನ್ನೇ. ಬೇಕೇ ಎಂಬ ಪ್ರಶ್ನೆ ಟಿ.ವಿ. ಚರ್ಚೆಯ ಹತ್ತಿರಕ್ಕೂ ಸುಳಿಯಲಿಲ್ಲ.

ಅಲ್-ಲಮೀ ಅವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಇದರ ಮುಂದಿನ ಕೆಲಸದಿಂದ. ಮಾತ್ರೆಗಳನ್ನು ಪೂರ್ತಿ ಕೊಟ್ಟಿದ್ದರಿಂದ ಸ್ಟೆಂಟಿಗೆ ಮಾಡಲು ಏನೂ ಉಳಿದಿರಲಿಲ್ಲವೇನೋ ಎಂದು ಅವರೇ ಯೋಚಿಸಿದರು. ಈ ಸಲ 301 ಜನರಿಗೆ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ಅದೇ ಪರೀಕ್ಷೆ ಮಾಡಿದರು. 2023ರಲ್ಲಿ ಬಂದ ಉತ್ತರ: ಹೌದು, ಆಗ ಸ್ಟೆಂಟ್ ಹುಸಿ ಚಿಕಿತ್ಸೆಗಿಂತ ಖಂಡಿತ ಮೇಲು, ಆದರೂ ಎಷ್ಟೋ ಜನರಿಗೆ ಸ್ಟೆಂಟ್ ಹಾಕಿದ ಮೇಲೂ ಎದೆನೋವು ಪೂರ್ತಿ ಹೋಗಲಿಲ್ಲ. ಒಂದೇ ತಂಡ, ಒಂದೇ ಉಪಕರಣ, ಎರಡು ಉತ್ತರ. ಎರಡೂ ನಿಜ. ಯಾವುದಕ್ಕೆ ಹೋಲಿಸಿದರೆ ವ್ಯತ್ಯಾಸವಿಲ್ಲ ಅನ್ನುವುದನ್ನು ಬಿಟ್ಟು ಬರೀ ವ್ಯತ್ಯಾಸವಿಲ್ಲ ಅನ್ನುವವರ ಮಾತನ್ನು ಅರ್ಧಕ್ಕೆ ನಂಬಬೇಕು.

ಇಂಥವು ಬಿಡಿ ಪ್ರಸಂಗಗಳೇ? ವಿನಯ್ ಪ್ರಸಾದ್ ಮತ್ತು ಸಹೋದ್ಯೋಗಿಗಳು ‘ನ್ಯೂ ಇಂಗ್ಲೆಂಡ್ ಜರ್ನಲ್’ನ ಹತ್ತು ವರ್ಷದ ಸಂಚಿಕೆಗಳನ್ನು, 2001ರಿಂದ 2010ರವರೆಗೆ, ಕೂತು ಓದಿದರು. ಆಗಲೇ ರೂಢಿಯಲ್ಲಿದ್ದ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿದ ಲೇಖನಗಳು 363 ಸಿಕ್ಕವು. ಅವುಗಳಲ್ಲಿ 146ರಲ್ಲಿ ರೂಢಿ ಬಿದ್ದುಹೋಗಿತ್ತು.

ಆಸ್ಪತ್ರೆಯ ಆಚೆ

ಡಾಕ್ಟರುಗಳನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಊರು ಉದ್ಧಾರ ಮಾಡುವವರು, ದಾರಿ ತಪ್ಪಿದ ಮಕ್ಕಳನ್ನು ತಿದ್ದುವವರು, ಬಡತನಕ್ಕೆ ಮದ್ದು ಅರೆಯುವವರು ಇವರೆಲ್ಲ ಕೊಡುವುದೂ ಚಿಕಿತ್ಸೆಯೇ. ಹುಸಿ ಗುಂಪು ಇಟ್ಟುಕೊಂಡು ನೋಡುವ ಗೋಜಿಗೆ ಅವರು ಹೋದದ್ದು ಇನ್ನೂ ಕಡಿಮೆ.

ಹೋದವರಲ್ಲಿ ಮೊದಲಿಗರು ಹಾರ್ವರ್ಡಿನ ವೈದ್ಯ ರಿಚರ್ಡ್ ಕ್ಯಾಬಟ್. ಬಾಸ್ಟನ್ ಪಕ್ಕದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಊರುಗಳ 506 ಹುಡುಗರನ್ನು ವಯಸ್ಸು, ಮನೆಯ ಸ್ಥಿತಿ, ಸ್ವಭಾವ ನೋಡಿ ಜೋಡಿ ಜೋಡಿ ಮಾಡಿದರು. ನಾಣ್ಯ ಚಿಮ್ಮಿ ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾರ್ಗದರ್ಶಕರನ್ನು ಕೊಟ್ಟರು. 1939ರಿಂದ 1945ರವರೆಗೆ ಆ ಮಾರ್ಗದರ್ಶಕರು ಮನೆಗೆ ಹೋಗಿ ಬಂದರು, ಪಾಠ ಹೇಳಿಸಿದರು, ಬೇಸಿಗೆ ಶಿಬಿರಕ್ಕೆ ಕಳಿಸಿದರು, ಕಾಯಿಲೆಗೆ ಔಷಧ ಕೊಡಿಸಿದರು. ಇದಕ್ಕಿಂತ ಒಳ್ಳೆಯ ಕೆಲಸ ಇರಲು ಸಾಧ್ಯವೇ? ಮೂವತ್ತು ವರ್ಷದ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು, ಅಷ್ಟರಲ್ಲಿ ನಡುವಯಸ್ಸು ದಾಟುತ್ತಿದ್ದವರನ್ನು, ಹುಡುಕಿದರು. ನೆರವು ಪಡೆದವರಲ್ಲಿ ಅಪರಾಧ ಕಡಿಮೆಯಾಗಿರಲಿಲ್ಲ. ಕುಡಿತದ ಲಕ್ಷಣ, ಗಂಭೀರ ಮನೋರೋಗ, ಬೇಗ ಸಾವು ಇವುಗಳಲ್ಲಿ ಅವರದೇ ಪಾಲು ತುಸು ಹೆಚ್ಚು. ಅದಕ್ಕಿಂತ ದಿಗಿಲು ಹುಟ್ಟಿಸುವುದು ಇನ್ನೊಂದು ವಿಷಯ: ಆ ಯೋಜನೆಯಿಂದ ನಿಮಗೆ ಉಪಕಾರವಾಯಿತೇ ಎಂದು ಕೇಳಿದರೆ ಮೂರರಲ್ಲಿ ಎರಡು ಪಾಲು ಮಂದಿ ಹೌದು ಎಂದರು. ಮಾರ್ಗದರ್ಶಕರ ಹೆಸರು ನೆನೆದು ಕೃತಜ್ಞತೆ ಹೇಳಿದವರೂ ಇದ್ದರು. ಫಲಾನುಭವಿಗಳ ಅಭಿಪ್ರಾಯ ಸಂಗ್ರಹಿಸಿ ಯೋಜನೆ ಯಶಸ್ವಿ ಎಂದು ಷರಾ ಬರೆಯುವ ಅಧಿಕಾರಿಗಳು ಈ ವರದಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲೂ ಈ ಶತಮಾನದಲ್ಲಿ ಇಂಥ ಪರೀಕ್ಷೆಗಳು ಸಾಕಷ್ಟು ನಡೆದಿವೆ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಧಕ್ಕೆ ಕಿರುಸಾಲದ ಶಾಖೆ ತೆರೆದು ನೋಡಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರಿಗೆ ಅಂಗಡಿ-ಮುಂಗಟ್ಟಿನ ಬಂಡವಾಳ ಒಂದಿಷ್ಟು ಹೆಚ್ಚಿದ್ದು ಕಂಡಿತು. ಮಕ್ಕಳ ಓದು, ಮನೆಯವರ ಆರೋಗ್ಯ, ಹೆಂಗಸರ ಮಾತಿಗೆ ಮನೆಯಲ್ಲಿ ಸಿಗುವ ಬೆಲೆ ಇದ್ದಲ್ಲೇ ಇದ್ದವು. ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ಅರ್ಧಕ್ಕೆ ಶೌಚಾಲಯ ಕಟ್ಟಿಸಿದರು. ಶೌಚಾಲಯವಿರುವ ಮನೆಗಳು ಶೇ 9ರಿಂದ ಶೇ 63ಕ್ಕೆ ಏರಿದವು, ಮಕ್ಕಳ ಭೇದಿ ಇಳಿಯಲಿಲ್ಲ. ಶೌಚಾಲಯ ದಂಡ ಎಂದು ಇದರ ಅರ್ಥವಲ್ಲ. ಮೂರರಲ್ಲಿ ಒಂದು ಮನೆಗೆ ಇನ್ನೂ ಇಲ್ಲ, ಇರುವ ಮನೆಯಲ್ಲೂ ಎಲ್ಲರೂ ಬಳಸುವುದಿಲ್ಲ ಎಂದರೆ ಊರಿನ ನೆಲ, ನೀರು ಹೇಗೆ ಶುದ್ಧವಾದೀತು? ಕಟ್ಟಿದ್ದನ್ನು ಎಣಿಸುವುದು ಸುಲಭ, ಹಾಗಾಗಿ ಎಣಿಸುತ್ತೇವೆ.

ಕರ್ನಾಟಕದ್ದೂ ಒಂದಿದೆ, ಸಣ್ಣದೇನಲ್ಲ. ಅನೂಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ, ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ 10,879 ಕುಟುಂಬಗಳನ್ನು ಆರಿಸಿದರು. ಎಲ್ಲ ಬಡತನ ರೇಖೆಗಿಂತ ಸ್ವಲ್ಪ ಮೇಲಿನವರು, ಎಂದರೆ ಸರ್ಕಾರಿ ಆರೋಗ್ಯ ವಿಮೆಗೆ ಆಗ ಅರ್ಹರಲ್ಲದವರು. ಕೆಲವರಿಗೆ ವಿಮೆ ಪುಕ್ಕಟೆ, ಕೆಲವರಿಗೆ ದುಡ್ಡಿಗೆ, ಕೆಲವರಿಗೆ ಕೊಳ್ಳಲು ಒಂದಿಷ್ಟು ನಗದು ಸಹಾಯ, ಕೆಲವರಿಗೆ ಏನೂ ಇಲ್ಲ. ಪುಕ್ಕಟೆ ಸಿಕ್ಕವರಲ್ಲಿ ಸುಮಾರು ಶೇ 79 ಮಂದಿ ಕಾರ್ಡು ಮಾಡಿಸಿದರು. ಮೂರೂವರೆ ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಆರೋಗ್ಯದ ಯಾವ ಅಳತೆಯಲ್ಲೂ ಎದ್ದು ಕಾಣುವ ಬದಲಾವಣೆ ಇರಲಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ವಿಮೆ ಬಳಸಲು ಹೋದವರಲ್ಲಿ ಬಹಳಷ್ಟು ಜನರಿಗೆ ಬಳಸಲಾಗಲಿಲ್ಲ. ಆಸ್ಪತ್ರೆಯ ಕೌಂಟರ್ ಮುಂದೆ ಕಾರ್ಡು ಹಿಡಿದು ನಿಂತು ‘ಇದಕ್ಕೆ ಬರಲ್ಲ’, ‘ಸರ್ವರ್ ಇಲ್ಲ’, ‘ಆ ಕಾಗದ ಬೇಕು’ ಎಂಬ ಮಾತು ಕೇಳಿ ಹಿಂತಿರುಗುವುದು ನಮ್ಮಲ್ಲಿ ಯಾರಿಗೆ ತಿಳಿಯದ್ದು? ಫಲ ಕೊಡದಿದ್ದದ್ದು ವಿಮೆಯೋ, ಕಾರ್ಡಿನಿಂದ ಹಾಸಿಗೆಯವರೆಗಿನ ದಾರಿಯೋ ಎನ್ನುವುದು ಸರಾಸರಿಯ ಅಂಕಿಯಲ್ಲಿ ಕಾಣುವುದಿಲ್ಲ.

ಮದ್ರಾಸಿನ ಮನೆಗಳು

ಆರ್ಚಿ ಕಾಕ್ರನ್ ಎಂಬ ಸ್ಕಾಟಿಷ್ ವೈದ್ಯರ ಹೆಸರನ್ನು ವೈದ್ಯ ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. ಅವರ ಆತ್ಮಕಥೆಯಲ್ಲಿ ಒಂದು ಕೀಟಲೆ ಪ್ರಸಂಗವಿದೆ. ಹೃದಯಾಘಾತವಾದವರನ್ನು ಹೊಸದಾಗಿ ಬಂದಿದ್ದ ಹೃದಯ ತೀವ್ರನಿಗಾ ಘಟಕಕ್ಕೆ ಸೇರಿಸುವುದು ಮೇಲೋ, ಮನೆಯಲ್ಲೇ ನೋಡಿಕೊಳ್ಳುವುದು ಮೇಲೋ ಎಂದು ಬ್ರಿಸ್ಟಲ್‌ನಲ್ಲಿ ಪ್ರಯೋಗ ನಡೆಯುತ್ತಿತ್ತು. ಆರಂಭದ ಅಂಕಿಗಳು ಬಂದಾಗ ಹೆಚ್ಚು ಕಡಿಮೆ ಸಮ, ಮನೆಯವರದೇ ತುಸು ಕೈಮೇಲು. ಕಾಕ್ರನ್ ಸಭೆಗೆ ಎರಡು ಪಟ್ಟಿ ಒಯ್ದರು. ಮೊದಲು ಅಂಕಿಗಳನ್ನು ಅದಲು ಬದಲು ಮಾಡಿದ ಸುಳ್ಳು ಪಟ್ಟಿಯನ್ನು ಹೃದ್ರೋಗ ತಜ್ಞರಿಗೆ ತೋರಿಸಿದರು. ‘ನೋಡಿದಿರಾ, ಮನೆಯಲ್ಲಿ ಸಾಯುತ್ತಿದ್ದಾರೆ, ಇದು ಅನೈತಿಕ, ಪ್ರಯೋಗ ಈಗಲೇ ನಿಲ್ಲಲಿ’ ಎಂದು ಅವರು ಹರಿಹಾಯ್ದರು. ಎಲ್ಲ ಆಡಿ ಮುಗಿಸಲಿ ಎಂದು ಕಾದು, ನಿಜವಾದ ಪಟ್ಟಿ ಮುಂದಿಟ್ಟು, ಹಾಗಾದರೆ ನಿಮ್ಮ ಘಟಕಗಳನ್ನು ಈಗಲೇ ಮುಚ್ಚೋಣವೇ ಎಂದರು. ಯಾರೂ ಉಸಿರೆತ್ತಲಿಲ್ಲ. (ಅದು ಆ ಕಾಲದ ಮಾತು. ಇವತ್ತು ಎದೆ ಹಿಡಿದುಕೊಂಡರೆ ಆಸ್ಪತ್ರೆಗೇ ಓಡಬೇಕು. ಆಗ ಇಲ್ಲದ ಚಿಕಿತ್ಸೆಗಳು ಈಗ ಅಲ್ಲಿವೆ.)

ಕಾಕ್ರನ್ ಕಥೆಯನ್ನು ಜಗತ್ತೆಲ್ಲ ಹೇಳಿಕೊಂಡು ನಗುತ್ತದೆ. ಅದಕ್ಕಿಂತ ಹತ್ತು ವರ್ಷ ಮೊದಲೇ, ಇಲ್ಲೇ ಪಕ್ಕದಲ್ಲಿ, ಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದನ್ನು ನಾವೇ ಮರೆತಿದ್ದೇವೆ.

ಕ್ಷಯಕ್ಕೆ ಸ್ಯಾನಟೋರಿಯಮ್ಮೇ ಗತಿ ಎಂದಿದ್ದ ಕಾಲ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ, ಕೋಲಾರದಾಚೆಯ ಮದನಪಲ್ಲಿಯದು, ಇಂಥ ಹೆಸರುಗಳನ್ನು ಹಳಬರು ದನಿ ತಗ್ಗಿಸಿ ಹೇಳುತ್ತಿದ್ದರು. ಒಳ್ಳೆ ಗಾಳಿ, ಮಲಗಿಯೇ ಇರುವ ವಿಶ್ರಾಂತಿ, ಹಾಲು, ಮೊಟ್ಟೆ. ಶ್ವಾಸಕೋಶಕ್ಕೆ ವಿರಾಮ ಕೊಡಲೆಂದು ಎದೆಗೂಡಿಗೆ ಗಾಳಿ ತುಂಬುವುದು, ಕೆಲವರಿಗೆ ಪಕ್ಕೆಲುಬನ್ನೇ ತೆಗೆಯುವುದು. ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಕೆಲವು ಸಾವಿರ. ಉಳಿದವರು ಕಾಯಬೇಕು, ಕಾಯುತ್ತ ಸಾಯಬೇಕು. ಅಷ್ಟರಲ್ಲಿ ಐಸೋನಿಯಾಜಿಡ್, ಪಿ.ಎ.ಎಸ್. ಎಂಬ ಔಷಧಗಳು ಬಂದಿದ್ದವು. ಅವನ್ನು ಗುಡಿಸಲಿನಲ್ಲಿ ಕೂತು ನುಂಗಿದರೆ ಸಾಲದೇ?

1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿದ ಕೆಲಸ. ಮುಂದಾಳು ವ್ಯಾಲೆಸ್ ಫಾಕ್ಸ್. ನಗರದ ಬಡ ಕೇರಿಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಮ್ಮಿಗೆ, ಇನ್ನೊಂದನ್ನು ಅವರವರ ಮನೆಗೆ ಕಳಿಸಿದರು. ಔಷಧ ಇಬ್ಬರಿಗೂ ಒಂದೇ, ವರ್ಷವಿಡೀ. ಮನೆಯೆಂದರೆ ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮಕ್ಕಳು. ಬಹಳ ಮಂದಿ ಬೇಗ ಕೆಲಸಕ್ಕೂ ಹೋಗತೊಡಗಿದರು, ಹೋಗದಿದ್ದರೆ ಒಲೆ ಹೊತ್ತಿಸುವವರು ಯಾರು? ಪಿ.ಎ.ಎಸ್. ಹೊಟ್ಟೆ ತೊಳಸುವ ಔಷಧ, ನುಂಗದೆ ಎಸೆಯುವ ಆಸೆ ಸಹಜ. ಅದಕ್ಕೇ ಕೇಂದ್ರದವರು ಹೇಳದೆ ಕೇಳದೆ ಮನೆ ಬಾಗಿಲಿಗೆ ಹೋಗಿ ಮೂತ್ರದ ಮಾದರಿ ಪಡೆದು, ಔಷಧ ಒಳಗೆ ಹೋಗಿದೆಯೇ ಎಂದು ನೋಡುತ್ತಿದ್ದರು.

ವರ್ಷದ ಕೊನೆಗೆ ಸ್ಯಾನಟೋರಿಯಮ್ಮಿನವರಲ್ಲಿ ಶೇ 92, ಮನೆಯವರಲ್ಲಿ ಶೇ 86 ಮಂದಿಯಲ್ಲಿ ರೋಗ ಅಡಗಿತ್ತು. ಇಷ್ಟು ಜನರಲ್ಲಿ ಈ ಅಂತರ ದೊಡ್ಡದಲ್ಲ. ಎಲ್ಲರಿಗೂ ಇದ್ದ ಭಯ ಬೇರೆಯದು: ಮನೆಯಲ್ಲಿಟ್ಟುಕೊಂಡರೆ ಹೆಂಡತಿ ಮಕ್ಕಳಿಗೆ ಹತ್ತುತ್ತದಲ್ಲ? ಮುಂದೆ ಐದು ವರ್ಷ ಆ ಕುಟುಂಬಗಳನ್ನು ನೋಡುತ್ತಲೇ ಇದ್ದರು. ಸ್ಯಾನಟೋರಿಯಮ್ಮಿಗೆ ಹೋದವರ ಮನೆಯವರಿಗಿಂತ ಇವರ ಮನೆಯವರಲ್ಲಿ ರೋಗ ಹೆಚ್ಚಾಗಲಿಲ್ಲ. ಚಿಕಿತ್ಸೆ ಶುರುವಾಗುವ ಮೊದಲೇ ಹತ್ತಬೇಕಾದದ್ದು ಹತ್ತಿರುತ್ತದೆ.

ಈ ‘ವ್ಯತ್ಯಾಸವಿಲ್ಲ’ ಎಂಬ ಮಾತಿನಿಂದ ತೆರೆದ ಬಾಗಿಲುಗಳು ಎಷ್ಟು! 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು, ಉದ್ಘಾಟಿಸಿದವರು ನೆಹರೂ. ಮನೆಯಲ್ಲೇ ಚಿಕಿತ್ಸೆ ಎಂಬ ಆಧಾರದ ಮೇಲೆ ಇಡೀ ದೇಶದ ಕ್ಷಯ ಕಾರ್ಯಕ್ರಮ ರೂಪಿಸಿದ್ದು ಇಲ್ಲಿ. ಸಂಸ್ಥೆಯ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತಿರುಗಿ ಇನ್ನೊಂದು ನಂಬಿಕೆಯನ್ನೂ ಮುರಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನೋಡಿದರೆ ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು, ಅಷ್ಟೇ.

ಮದ್ರಾಸಿನ ಬಗಲಲ್ಲೇ ಇನ್ನೊಂದು ದೊಡ್ಡ ‘ಇಲ್ಲ’ ಹುಟ್ಟಿತು. ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ 1968ರಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಬಿ.ಸಿ.ಜಿ. ಲಸಿಕೆಯ ಪರೀಕ್ಷೆ ನಡೆಯಿತು. 1979ರ ಮೊದಲ ವರದಿ, ಶ್ವಾಸಕೋಶದ ಕ್ಷಯವನ್ನು ಅದು ಅಲ್ಲಿ ತಡೆಯಲಿಲ್ಲ ಎಂದಿತು. ಹಸುಗೂಸುಗಳಿಗೆ ಮಿದುಳಿನ ಕ್ಷಯದಂಥ ಭೀಕರ ರೂಪಗಳಿಂದ ರಕ್ಷಣೆ ಸಿಗುತ್ತದೆಂಬ ಕಾರಣಕ್ಕೆ ಇವತ್ತಿಗೂ ಚುಚ್ಚುತ್ತೇವೆ, ಚುಚ್ಚಿಸಲೇಬೇಕು. ದೊಡ್ಡವರ ಕೆಮ್ಮಿಗೆ ಅದು ಗೋಡೆಯಾಗಲಿಲ್ಲ, ಅಷ್ಟೇ.

ಇನ್ನು ಅನ್ನದ ವಿಷಯ. ಮದ್ರಾಸ್ ಪ್ರಯೋಗದಲ್ಲಿ ಸ್ಯಾನಟೋರಿಯಮ್ಮಿನವರಿಗೆ ಒಳ್ಳೆಯ ಊಟ ಸಿಗುತ್ತಿತ್ತು, ಅವರ ತೂಕವೂ ಹೆಚ್ಚು ಏರಿತು. ಮನೆಯವರು ಸಿಕ್ಕಿದ್ದು ತಿಂದರು. ಆದರೂ ಔಷಧದ ಬಲದಿಂದ ಇಬ್ಬರೂ ಹೆಚ್ಚು ಕಡಿಮೆ ಸಮನಾಗಿ ಗುಣವಾದರು. ಹಸಿದ ರೋಗಿಯೂ ಗುಣವಾಗಬಲ್ಲ ಎಂಬುದು ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ. ಆದರೆ ಅದೇ ಮಾತು ಕಾಲ ಕಳೆದಂತೆ ಸವೆದು, ಕ್ಷಯಕ್ಕೂ ಅನ್ನಕ್ಕೂ ಸಂಬಂಧವಿಲ್ಲ ಎಂಬಂತಾಯಿತು. ಪ್ರಯೋಗ ಅದನ್ನು ಕೇಳಿಯೇ ಇರಲಿಲ್ಲ. ಔಷಧ ನುಂಗುತ್ತಿರುವವನಿಗೆ ಹೆಚ್ಚಿನ ಊಟ ಎಷ್ಟು ಮುಖ್ಯ ಎಂದು ನೋಡಿತ್ತೇ ಹೊರತು, ಇನ್ನೂ ರೋಗ ಬರದ ಅವನ ಮಗಳಿಗೆ ಹೊಟ್ಟೆ ತುಂಬ ಅನ್ನ ಸಿಕ್ಕರೆ ಏನಾದೀತು ಎಂದು ನೋಡಿರಲಿಲ್ಲ.

ಅದನ್ನು ಕೇಳಲು ಅರವತ್ತು ವರ್ಷ ಹಿಡಿಯಿತು. ಕೇಳಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಜೊತೆಗಿದ್ದದ್ದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, ಎಂದರೆ ಫಾಕ್ಸ್ ಅವರ ಹಳೆಯ ಕೇಂದ್ರವೇ. ಜಾರ್ಖಂಡಿನಲ್ಲಿ 2019ರಲ್ಲಿ ಶುರು. 2,800 ಕ್ಷಯರೋಗಿಗಳಿಗೂ ಆಹಾರದ ಬುಟ್ಟಿ ಕೊಟ್ಟರು. ಅವರ ಮನೆಯವರು 10,345 ಮಂದಿ. ಇವರಲ್ಲಿ ಒಂದು ಗುಂಪಿನ ಕುಟುಂಬಗಳಿಗೆ ಮಾತ್ರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಹೊಸ ಔಷಧವಿಲ್ಲ, ಲಸಿಕೆಯಿಲ್ಲ, ಯಂತ್ರವಿಲ್ಲ. 2023ರ ಆಗಸ್ಟಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದ ಪ್ರಕಾರ ಬುಟ್ಟಿ ಸಿಕ್ಕ ಮನೆಯವರಲ್ಲಿ ಕ್ಷಯ ಶೇ 39ರಷ್ಟು ಕಡಿಮೆ. ಇತರರಿಗೆ ಹರಡುವಂಥ ಕ್ಷಯವನ್ನಷ್ಟೇ ಲೆಕ್ಕ ಹಿಡಿದರೆ ಶೇ 48. ರೋಗಿಗಳ ವಿಷಯದಲ್ಲೂ ಹಳೆಯ ತೀರ್ಮಾನ ಪೂರ್ತಿ ನಿಲ್ಲಲಿಲ್ಲ: ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾಯುವುದು ಬಹಳ ಕಡಿಮೆಯಿತ್ತು.

ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ಮಾಡಿತು. ಅದೇ ಹೊತ್ತಿಗೆ ಮನೆಯವರಿಗೂ ಆಹಾರದ ಬುಟ್ಟಿ ಎಂದಿತು, ಆದರೆ ಅದನ್ನು ‘ನಿಕ್ಷಯ್ ಮಿತ್ರ’ರ ಪಟ್ಟಿಗೆ ಸೇರಿಸಿತು. ಮಿತ್ರರೆಂದರೆ ಸ್ವಂತ ಇಚ್ಛೆಯಿಂದ ಮುಂದೆ ಬರುವ ವ್ಯಕ್ತಿಗಳು, ಸಂಘ ಸಂಸ್ಥೆಗಳು, ಕಂಪನಿಗಳು. ರೋಗಿಯ ಖಾತೆಗೆ ಖಜಾನೆಯಿಂದ ಹಣ ಬರುತ್ತದೆ. ಜಾರ್ಖಂಡಿನಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ತೋರಿಸಿದ ಮನೆಯವರ ಅಕ್ಕಿ ಬೇಳೆಗೆ ಮಾತ್ರ, ಅವರವರ ತಾಲ್ಲೂಕಿನಲ್ಲಿ ಯಾರಾದರೂ ದಾನಿ ಸಿಗಬೇಕು.